ಬ್ರೆಡ್ ಲೈನ್: ಮಾರ್ಷ್‌ನ 1932ರ ಸಾಲನ್ನು ಮೊಟ್ಟೆ ಬಣ್ಣದಲ್ಲಿ ಕಟ್ಟುವ ಕೆಲಸ

ಇಲ್ಲಿ ಮಾಡುತ್ತಿರುವುದು ಅಭ್ಯಾಸದ ಪ್ರತಿ. ಮೂಲ, ಅಮೆರಿಕದ ಚಿತ್ರಕಾರ ರೆಜಿನಾಲ್ಡ್ ಮಾರ್ಷ್ 1932ರಲ್ಲಿ ಮಾಡಿದ 'ಬ್ರೆಡ್ ಲೈನ್: ನೋ ಒನ್ ಹ್ಯಾಸ್ ಸ್ಟಾರ್ವ್ಡ್' ಎಂಬ ಎಚಿಂಗ್, ಅಂದರೆ ಲೋಹದ ತಟ್ಟೆಯಲ್ಲಿ ಸೂಜಿಯಿಂದ ಎಳೆದ ಗೆರೆಯನ್ನು ಆಮ್ಲದಿಂದ ಕೊರೆದು ಅಚ್ಚೊತ್ತಿದ ಚಿತ್ರ. ಬ್ರೆಡ್ ಲೈನ್ ಎಂದರೆ ಪುಕ್ಕಟೆ ಬ್ರೆಡ್ಡಿಗಾಗಿ ನಿಂತವರ ಸಾಲು. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1930ರ ಡಿಸೆಂಬರ್‌ನಲ್ಲಿ ಅದೇ ಊರಿನ 'ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್' ಬಾಗಿಲು ಹಾಕಿತು. ಹೆಸರು ಹಾಗಿದ್ದರೂ ಅದು ಸರ್ಕಾರದ್ದಲ್ಲ, ಸಣ್ಣಪುಟ್ಟ ಠೇವಣಿದಾರರೇ ತುಂಬಿದ್ದ ಖಾಸಗಿ ಬ್ಯಾಂಕು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಯಾರೂ ಹಸಿವಿನಿಂದ ಸತ್ತಿಲ್ಲ ಎಂದು ಅಧಿಕಾರದಲ್ಲಿದ್ದವರು ಹೇಳುತ್ತಿದ್ದರು. ಆ ಮಾತನ್ನೇ ಮಾರ್ಷ್ ಚಿತ್ರದ ಹೆಸರಿಗೆ ಅಂಟಿಸಿದ. ಚಿತ್ರದಲ್ಲಿರುವುದು ಓವರ್‌ಕೋಟು, ಟೋಪಿ ತೊಟ್ಟ ಗಂಡಸರ ಒತ್ತೊತ್ತಾದ ಸಾಲು. ಅದರಲ್ಲಿ ಬ್ರೆಡ್ಡೂ ಇಲ್ಲ, ಹಂಚುವವರೂ ಇಲ್ಲ.

ಎಚಿಂಗ್‌ನ ತಟ್ಟೆ ಸುಮಾರು 16 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ನಾವು ಅದನ್ನು ಎರಡರಷ್ಟು ಹಿಗ್ಗಿಸಿ 32 × 60 ಸೆಂ.ಮೀ. ಹಲಗೆಯ ಮೇಲೆ ಎಗ್ ಟೆಂಪರಾದಲ್ಲಿ, ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಲ್ಲಿ, ಮಾಡುತ್ತೇವೆ. ಎಣ್ಣೆ ಬಣ್ಣ ಬೇಡ. ಮಾರ್ಷ್ ಮೊದಲು ಪತ್ರಿಕೆಗಳಿಗೆ ರೇಖಾಚಿತ್ರ ಬರೆಯುತ್ತಿದ್ದವನು, ಕೈ ಗೆರೆಗೆ ಪಳಗಿದ್ದು. ಎಣ್ಣೆ ಬಣ್ಣದೊಡನೆ ಅವನಿಗೆ ಹೊಂದಾಣಿಕೆ ಆಗಲಿಲ್ಲ. 1929ರ ಸುಮಾರಿಗೆ ಮೊಟ್ಟೆ ಬಣ್ಣ ಕೈಗೆ ಬಂದ ಮೇಲೆ ಗೆರೆ ಎಳೆಯುತ್ತಲೇ ಬಣ್ಣ ಹಾಕುವ ದಾರಿ ಸಿಕ್ಕಿತು. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 'ದ ಬವರಿ' (1930), ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ 'ಟ್ಯಾಟೂ ಅಂಡ್ ಹೇರ್‌ಕಟ್' (1932) ಎರಡೂ ಮೇಸನೈಟ್ ಹಲಗೆಯ ಮೇಲಿನ ಟೆಂಪರಾ. ಗೆರೆಗೆ ಎಚಿಂಗ್ ನೋಡಿ, ಬಣ್ಣಕ್ಕೆ ಈ ಎರಡನ್ನು ನೋಡಿ. ಮೂರರ ದೊಡ್ಡ ಚಿತ್ರಗಳೂ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಸಿಗುತ್ತವೆ.

ಹಲಗೆ

ಮೇಸನೈಟ್ ಎಂದರೆ 1924ರಲ್ಲಿ ವಿಲಿಯಂ ಮೇಸನ್ ಮರದ ಚೂರನ್ನು ಹಬೆಯಲ್ಲಿ ಸಿಡಿಸಿ ಒತ್ತಿ ಮಾಡಿದ ಹಾರ್ಡ್‌ಬೋರ್ಡ್. ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ಸಿಗುವ ಹಾರ್ಡ್‌ಬೋರ್ಡ್ ಸಾಮಾನ್ಯವಾಗಿ 3 ಮಿ.ಮೀ. ದಪ್ಪದ್ದು, ಈ ಅಳತೆಗೆ ಅದು ಬಾಗುತ್ತದೆ. 6 ಮಿ.ಮೀ. ಎಚ್‌.ಡಿ.ಎಫ್. (ಮರದ ನಾರನ್ನು ಬಿಗಿಯಾಗಿ ಒತ್ತಿ ಮಾಡಿದ ಬೋರ್ಡ್) ಸಿಕ್ಕಿದರೆ ಅದೇ ಒಳ್ಳೆಯದು. 3 ಮಿ.ಮೀ.ನದೇ ಗತಿ ಎಂದಾದರೆ ಬೆನ್ನಿಗೆ 20 × 40 ಮಿ.ಮೀ. ಒಣಗಿದ ಮರದ ಪಟ್ಟಿಗಳಿಂದ ಚೌಕಟ್ಟು ಮಾಡಿ, ನಡುವೆ ಒಂದು ಅಡ್ಡಪಟ್ಟಿ ಕೊಟ್ಟು, ಮರಗೆಲಸದ ಬಿಳಿ ಅಂಟಿನಲ್ಲಿ ಕೂಡಿಸಿ ರಾತ್ರಿಯಿಡೀ ಕ್ಲಾಂಪ್ ಹಾಕಿಡಿ. ಮೊಳೆ ಹೊಡೆಯಬೇಡಿ, ಜೆಸ್ಸೊ (ಹಲಗೆಗೆ ಹಚ್ಚುವ, ಅಂಟು ಮತ್ತು ಚಾಕ್ ಪುಡಿಯ ಬಿಳಿ ಲೇಪ) ಒಣಗಿದಾಗ ಮೊಳೆಯ ತಲೆ ಇದ್ದಲ್ಲೆಲ್ಲ ಚುಕ್ಕೆ ಏಳುತ್ತದೆ.

ಎಣ್ಣೆ ಉಣಿಸಿ ಗಟ್ಟಿ ಮಾಡಿದ ಹೊಳಪಿನ ಬೋರ್ಡಿಗೆ ನೀರಿನ ಅಂಟು ಹಿಡಿಯುವುದಿಲ್ಲ. ಒಂದು ಹನಿ ನೀರು ಹಾಕಿ ನೋಡಿ. ಹನಿ ಮಣಿಯಂತೆ ನಿಂತೇ ಇದ್ದರೆ ಬೇರೆ ಬೋರ್ಡ್ ಹುಡುಕಿ. ನಿಧಾನವಾಗಿ ಹೀರಿಕೊಂಡರೆ ಸರಿ. ಆಮೇಲೆ 150ರ ಸ್ಯಾಂಡ್‌ಪೇಪರ್‌ನಿಂದ ಎರಡೂ ಮುಖ ಉಜ್ಜಿ, ಅಂಚುಗಳ ಚೂಪು ಮುರಿದು, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಅಂಚಿನ ಚೂಪು ಮುರಿಯುವುದನ್ನು ಮರೆತರೆ ಜೆಸ್ಸೊ ಅಲ್ಲಿ ತೆಳುವಾಗಿ ಕೂತು, ಮೊದಲ ಪೆಟ್ಟಿಗೇ ಚಕ್ಕೆ ಏಳುತ್ತದೆ.

ಅಂಟು

ಯುರೋಪಿನ ಪದ್ಧತಿಯಲ್ಲಿ ಮೊಲದ ಚರ್ಮದ ಅಂಟು. ಅದು ಇಲ್ಲಿ ತರಿಸಿದರೆ ದುಬಾರಿ, ಬೇಕಾಗಿಯೂ ಇಲ್ಲ. ಬಡಗಿಗಳು ಹಿಂದೆ ಬಳಸುತ್ತಿದ್ದ ಮರವಜ್ರ ಆಗಬಹುದು, ಆದರೆ ಅದರ ಬಣ್ಣ ಕಂದು, ಬಲವೂ ಒಂದು ಚೀಲದಿಂದ ಇನ್ನೊಂದಕ್ಕೆ ಬೇರೆ. ಅಡುಗೆಗೆ ಬಳಸುವ, ಸುವಾಸನೆ ಸಕ್ಕರೆ ಇಲ್ಲದ ಜೆಲಟಿನ್ ಪುಡಿ ಹೆಚ್ಚು ನಂಬಿಕಸ್ಥ. ಅಗರ್ ಅಗರ್ ಕೆಲಸಕ್ಕೆ ಬಾರದು, ಅದು ಅಂಟೇ ಅಲ್ಲ.

ಅರ್ಧ ಲೀಟರ್ ತಣ್ಣೀರಿಗೆ 35 ಗ್ರಾಂ ಜೆಲಟಿನ್. ಪುಡಿಯಾದರೆ ಒಂದು ಗಂಟೆ, ಮರವಜ್ರದ ಗಟ್ಟಿಯಾದರೆ ರಾತ್ರಿಯಿಡೀ ನೆನೆಯಬೇಕು. ನೆನೆದ ಮೇಲೆ ಪಾತ್ರೆಯನ್ನು ಇನ್ನೊಂದು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. 60 ಡಿಗ್ರಿ ದಾಟಬಾರದು. ಬೆರಳಿಟ್ಟರೆ ಚುರುಕ್ ಅನ್ನುವಷ್ಟು ಸಾಕು, ಕುದಿ ಬಂದರೆ ಅಂಟಿನ ಬಲ ಹೋಯಿತು, ಅದನ್ನು ಚೆಲ್ಲಿ ಹೊಸದು ಮಾಡಿ. ಸ್ವಲ್ಪವನ್ನು ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಪರೀಕ್ಷಿಸಿ. ಗಟ್ಟಿಯಾದ ಮೇಲೆ ಎರಡು ಬೆರಳಿಂದ ಅಗಲಿಸಿದರೆ ಅಂಕುಡೊಂಕಾಗಿ ಬಿರಿಯಬೇಕು. ಚಾಕುವಿನಿಂದ ಕೊಯ್ದಂತೆ ನುಣ್ಣಗೆ ಸೀಳಿದರೆ ಅಂಟು ಹೆಚ್ಚಾಗಿದೆ, ನೀರು ಸೇರಿಸಿ. ಗಂಜಿಯಂತೆ ಜಾರಿದರೆ ಕಡಿಮೆ.

ಈ ಬಿಸಿ ಅಂಟನ್ನು ಹಲಗೆಯ ಎರಡೂ ಮುಖಕ್ಕೆ, ಅಂಚಿಗೆ ಒಂದೊಂದು ಕೈ ಹಚ್ಚಿ ಪೂರ್ತಿ ಒಣಗಲು ಬಿಡಿ. ಸುಮಾರು 150 ಮಿ.ಲೀ. ಇದಕ್ಕೇ ಹೋಗುತ್ತದೆ. ಉಳಿದ 350 ಮಿ.ಲೀ. ಜೆಸ್ಸೊಗೆ.

ಜೆಸ್ಸೊ

ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಬಣ್ಣದ ಅಂಗಡಿಯ ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಜೆಸ್ಸೊ ಟೆಂಪರಾಗೆ ನಡೆಯುವುದಿಲ್ಲ. ಅದರ ಮೇಲ್ಮೈ ಪ್ಲಾಸ್ಟಿಕ್, ಸಾಕಷ್ಟು ನೀರು ಹೀರುವುದಿಲ್ಲ. ಮೊಟ್ಟೆ ಬಣ್ಣ ಅದರ ಮೇಲೆ ಕೂತಂತೆ ಕಂಡು ಕೆಲವೇ ತಿಂಗಳಲ್ಲಿ ಉಗುರು ತಾಗಿದರೆ ಎದ್ದು ಬರುತ್ತದೆ. ಮರಗೆಲಸದ ಬಿಳಿ ಅಂಟಿನಲ್ಲಿ ಚಾಕ್ ಕಲಸುವವರೂ ಇದ್ದಾರೆ. ಅದು ಅರೆಬರೆ ಹೀರುತ್ತದೆ, ಸ್ಯಾಂಡ್‌ಪೇಪರ್‌ಗೆ ಮೆತ್ತಿಕೊಳ್ಳುತ್ತದೆ. ಗೋಡೆಯ ಪುಟ್ಟಿಯಲ್ಲಿ ಸಿಮೆಂಟ್ ಇರುತ್ತದೆ, ಅದರ ಕ್ಷಾರ ಬಣ್ಣಕ್ಕೆ ಒಳ್ಳೆಯದಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಪಾತ್ರೆಯಲ್ಲೇ ಕಲ್ಲಾಗುತ್ತದೆ.

ಬೇಕಾದದ್ದು ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್, ಅರ್ಧ ಕಿಲೊ. ಚಾಕ್ ಪೌಡರ್ ಎಂದು ಕೇಳಿದರೆ ಜಿಪ್ಸಮ್ ಕೊಟ್ಟುಬಿಡುವುದುಂಟು, ಹಾಗಾಗಿ ಅಂಗಡಿಗೆ ಒಂದು ಹೋಳು ನಿಂಬೆಹಣ್ಣು ಒಯ್ಯಿರಿ. ಚಿಟಿಕೆ ಪುಡಿಯ ಮೇಲೆ ರಸ ಹಿಂಡಿದರೆ ಬುಸಬುಸ ನೊರೆ ಬರಬೇಕು, ಬಾರದಿದ್ದರೆ ಅದು ಕಾರ್ಬೊನೇಟ್ ಅಲ್ಲ. ರಂಗೋಲಿ ಪುಡಿ ಕೆಲವೊಮ್ಮೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಅದು ಕಲ್ಲಿನ ತರಿ, ಇಲ್ಲಿಗೆ ಬೇಡ. ಬಿಳುಪಿಗಾಗಿ 50 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ಸೇರಿಸಬಹುದು.

ಅಳತೆ: ಒಂದು ಲೋಟ ಅಂಟಿಗೆ ಒಂದೂವರೆ ಲೋಟ ಪುಡಿ. ಬೆಚ್ಚಗಿನ ಅಂಟಿನ ಮೇಲೆ ಪುಡಿಯನ್ನು ಜರಡಿಯಿಂದ ಮಳೆಯಂತೆ ಉದುರಿಸಿ, ತಾನಾಗಿ ಮುಳುಗಲು ಬಿಡಿ. ಕಲಕಬೇಡಿ. ಮುಳುಗುವುದು ನಿಂತು ಮೇಲೆ ಸಣ್ಣ ದಿಬ್ಬ ಕಾಣಿಸಿದಾಗ ಅಳತೆ ಮುಟ್ಟಿದೆ. ಹತ್ತು ನಿಮಿಷ ಬಿಟ್ಟು, ಬ್ರಷ್ಷನ್ನು ತಳ ಮುಟ್ಟಿಸಿ ಮೆಲ್ಲಗೆ ಸುತ್ತು ಹಾಕಿ. ಗಂಟಿದ್ದರೆ ತೆಳು ಮಲ್ ಬಟ್ಟೆಯಲ್ಲಿ ಸೋಸಿ. ಬೀಟರ್, ಮಿಕ್ಸಿ ಹತ್ತಿರ ಸುಳಿಯಬಾರದು. ಒಳಹೊಕ್ಕ ಗಾಳಿಯ ಗುಳ್ಳೆಗಳು ಹಲಗೆಯ ಮೇಲೆ ಒಡೆದು ಸೂಜಿಮೊನೆಯಷ್ಟು ತೂತು ಬಿಡುತ್ತವೆ. ಆ ತೂತಿನೊಳಗೆ ಬಣ್ಣ ಇಳಿದರೆ ಮುಖದ ಮೇಲೆ ಕಪ್ಪು ಚುಕ್ಕೆ. ಎಷ್ಟು ಪದರ ಹಾಕಿದರೂ ತೂತು ಕೆಳಗಿನಿಂದ ಮೇಲಕ್ಕೆ ಸಾಗುತ್ತಲೇ ಇರುತ್ತದೆ.

ಅದಕ್ಕೇ ಮೊದಲ ಪದರವನ್ನು ಬ್ರಷ್‌ನಿಂದ ತೆಳುವಾಗಿ ಹಚ್ಚಿ, ಅಂಗೈಯಿಂದ ಸುತ್ತುಸುತ್ತಾಗಿ ತಿಕ್ಕಬೇಕು. ತಿಕ್ಕಿದಂತೆ ಜೆಸ್ಸೊ ಬಿಸಿಯಾಗಿ, ಕೈಗೆ ಮೊದಲು ಜಾರಿ, ಆಮೇಲೆ ಹಿಡಿದು ಎಳೆಯತೊಡಗುತ್ತದೆ. ಎಳೆತ ಸಿಕ್ಕಿದಾಗ ನಿಲ್ಲಿಸಿ. ಈ ಪದರದಲ್ಲಿ ಹಲಗೆಯ ಕಂದು ಕಾಣಿಸುತ್ತಿದ್ದರೆ ತಪ್ಪೇನಿಲ್ಲ. ಎರಡನೆಯದು ಅಡ್ಡ, ಮೂರನೆಯದು ಉದ್ದ, ಹೀಗೆ ದಿಕ್ಕು ಬದಲಿಸುತ್ತ ಎಂಟು ಪದರ. ಒದ್ದೆಯ ಮಿನುಗು ಹೋಗಿ ಮೇಲ್ಮೈ ಮಂಕಾದ ಕೂಡಲೇ ಮುಂದಿನದು. ಪೂರ್ತಿ ಒಣಗಲು ಕಾಯಬೇಡಿ, ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು. ಬೆನ್ನಿಗೂ ಮೂರು ನಾಲ್ಕು ಪದರ ಕೊಡಿ, ಇಲ್ಲದಿದ್ದರೆ ಮುಂಭಾಗದ ಜೆಸ್ಸೊ ಒಣಗಿ ಕುಗ್ಗುವಾಗ ಹಲಗೆ ತಟ್ಟೆಯಂತೆ ಬಾಗುತ್ತದೆ.

ಬಿರುಕು ಬೀಳುವುದಕ್ಕೆ ಹೆಚ್ಚಿನ ಪಾಲು ಒಂದೇ ಕಾರಣ. ದಿನವಿಡೀ ಬಿಸಿನೀರಲ್ಲಿ ಕೂತ ಪಾತ್ರೆಯಿಂದ ನೀರು ಆವಿಯಾಗುತ್ತ, ಸಂಜೆಯ ಜೆಸ್ಸೊ ಬೆಳಗಿನದಕ್ಕಿಂತ ಅಂಟು ಹೆಚ್ಚಾಗಿ ಬಲವಾಗಿರುತ್ತದೆ. ಬಲವಾದ ಪದರ ಮೇಲೆ, ದುರ್ಬಲವಾದದ್ದು ಕೆಳಗೆ. ಮೇಲಿನದು ಕುಗ್ಗುತ್ತ ಕೆಳಗಿನದನ್ನು ಹರಿಯುತ್ತದೆ. ಪಾತ್ರೆಯ ಹೊರಮೈಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಹಚ್ಚಲು ಖರ್ಚಾದದ್ದನ್ನು ಬಿಟ್ಟು ಎಷ್ಟು ಇಳಿದಿದೆ ಎಂದು ಅಂದಾಜಿಸಿ, ಪ್ರತಿ ಎರಡು ಪದರಕ್ಕೊಮ್ಮೆ ಒಂದೆರಡು ಚಮಚ ಬಿಸಿನೀರು ಸೇರಿಸಿ. ಮುಚ್ಚಳ ಮುಚ್ಚಿಡಿ. ಫ್ಯಾನ್ ಹಾಕಬೇಡಿ, ಬಿಸಿಲಿಗೂ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಒಣಗಿಸಿದ ಹಲಗೆ ಕೆರೆಯ ತಳದ ಮಣ್ಣಿನಂತೆ ಸೀಳುವುದು ಗ್ಯಾರಂಟಿ. ಕೂದಲೆಳೆಯ ಬಿರುಕು ಒಂದೆರಡು ಇದ್ದರೆ ತೆಳುವಾದ ಜೆಸ್ಸೊ ಬೆರಳಿನಿಂದ ತಿಕ್ಕಿ ತುಂಬಬಹುದು. ಬಲೆಯಂತೆ ಹರಡಿದ್ದರೆ ಬಿಸಿನೀರಿನ ಬಟ್ಟೆಯಿಂದ ಎಲ್ಲವನ್ನೂ ತೊಳೆದು ಮೊದಲಿನಿಂದ ಮಾಡುವುದೇ ಕಡಿಮೆ ಶ್ರಮ.

ಮೂರು ದಿನ ಒಣಗಿದ ಮೇಲೆ 220, 320, 400ರ ಸ್ಯಾಂಡ್‌ಪೇಪರ್. ಮಾಸ್ಕ್ ಬೇಕು, ಧೂಳು ಹಿಟ್ಟಿನ ಗಿರಣಿಯಷ್ಟು ಏಳುತ್ತದೆ. ಕೊನೆಗೆ ಒದ್ದೆಯಾಗಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಸುತ್ತಾಗಿ ಸವರಿದರೆ ಗೀರುಗಳು ಮಾಯವಾಗುತ್ತವೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸ ಮಾಡಿದವರಿಗೆ ಈ ಹಂತದ ತಾಳ್ಮೆ ಹೊಸದಲ್ಲ.

ಗೆರೆ ಇಳಿಸುವುದು

ಎಚಿಂಗ್‌ನ ಪ್ರಿಂಟನ್ನು 2 ಸೆಂ.ಮೀ. ಚೌಕಗಳಾಗಿ, ಟ್ರೇಸಿಂಗ್ ಹಾಳೆಯನ್ನು 4 ಸೆಂ.ಮೀ. ಚೌಕಗಳಾಗಿ ಹಂಚಿ ಹಿಗ್ಗಿಸಿ. ಅಥವಾ ಝೆರಾಕ್ಸ್ ಅಂಗಡಿಯಲ್ಲಿ 200 ಶೇಕಡಾ ಹಿಗ್ಗಿಸಿ ಅದರ ಮೇಲೆ ಟ್ರೇಸ್ ಮಾಡಿ, ಯಾರೂ ಬೈಯುವುದಿಲ್ಲ. ಹಲಗೆಗೆ ಇಳಿಸಲು ಪೆನ್ಸಿಲ್ ಪುಡಿ ಅಥವಾ ಕಾರ್ಬನ್ ಪೇಪರ್ ಬಳಸಬೇಡಿ. ಜಿಡ್ಡಿನ ಗೆರೆಯ ಮೇಲೆ ನೀರಿನ ಬಣ್ಣ ಕೂರುವುದಿಲ್ಲ, ತೆಳು ಬಣ್ಣದ ಕೆಳಗಿಂದ ಗೆರೆ ಇಣುಕುತ್ತದೆ. ಟ್ರೇಸಿಂಗ್ ಹಾಳೆಯ ಬೆನ್ನಿಗೆ ಒಣ ಕೆಮ್ಮಣ್ಣಿನ ಪುಡಿ ಹತ್ತಿಯಿಂದ ತಿಕ್ಕಿ, ಹಲಗೆಯ ಮೇಲಿಟ್ಟು, ರೀಫಿಲ್ ಮುಗಿದ ಬಾಲ್‌ಪೆನ್‌ನಿಂದ ಗೆರೆಗಳ ಮೇಲೆ ಎಳೆಯಿರಿ. ಆಮೇಲೆ ನೀರು ಬೆರೆಸಿ ತಿಳಿ ಮಾಡಿದ ಇಂಡಿಯನ್ ಇಂಕ್‌ನಿಂದ ಸಣ್ಣ ಬ್ರಷ್‌ನಲ್ಲಿ ಗೆರೆ ಖಾಯಂ ಮಾಡಿ, ಉಳಿದ ಕೆಂಪು ಪುಡಿಯನ್ನು ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಈ ಚಿತ್ರದ ಪ್ರತಿ ಕೆಡುವುದು ಬಹುತೇಕ ಎಡ ಮತ್ತು ಬಲ ಅಂಚುಗಳಲ್ಲಿ. ಮೂಲದಲ್ಲಿ ಸಾಲಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ಎರಡೂ ಕಡೆ ಮೈಗಳು ಅಂಚಿನಲ್ಲಿ ತುಂಡಾಗಿ ಚಿತ್ರದಾಚೆಗೂ ಸಾಲು ಮುಂದುವರಿಯುತ್ತದೆ. ನಕಲು ಮಾಡುವವರ ಕೈ ತನ್ನಷ್ಟಕ್ಕೆ ಆ ಅರ್ಧ ದೇಹಗಳನ್ನು ಒಳಗೆ ಎಳೆದು ಪೂರ್ತಿ ಮಾಡುತ್ತದೆ, ಬದಿಯಲ್ಲಿ ಎರಡು ಬೆರಳು ಜಾಗ ಬಿಡುತ್ತದೆ. ಆಗ ಬ್ರೆಡ್ ಲೈನ್ ಹೋಗಿ ಕಂಪನಿಯ ವಾರ್ಷಿಕೋತ್ಸವದ ಗ್ರೂಪ್ ಫೋಟೊ ಆಗುತ್ತದೆ. ನಿಮ್ಮ ಹಲಗೆಯ ಅನುಪಾತ ಒಂದಿಷ್ಟು ಬೇರೆಯಾಗಿದ್ದರೆ ತಲೆಯ ಮೇಲಿನ ಜಾಗವನ್ನು ಹೆಚ್ಚು ಕಡಿಮೆ ಮಾಡಿ, ಬದಿಗಳನ್ನು ಮುಟ್ಟಬೇಡಿ.

ಬಣ್ಣದ ಪುಡಿ

ಕಚ್ಚಾ ಅಂಬರ್, ಸುಟ್ಟ ಅಂಬರ್, ಹಳದಿ ಓಕರ್, ಕಚ್ಚಾ ಸಿಯೆನ್ನಾ, ಕೆಂಪು ಆಕ್ಸೈಡ್, ಹಸಿರು ಮಣ್ಣು, ಅಲ್ಟ್ರಾಮರೀನ್, ಐವರಿ ಕಪ್ಪು, ಟೈಟಾನಿಯಂ ಬಿಳಿ. ಒಂಬತ್ತು ಸಾಕು, ಪ್ರತಿಯೊಂದೂ 25 ಗ್ರಾಂ ಇದ್ದರೆ ಇಂಥ ನಾಲ್ಕು ಹಲಗೆ ಆದೀತು, ಬಿಳಿ ಮಾತ್ರ ಎರಡರಷ್ಟು ತೆಗೆದುಕೊಳ್ಳಿ. ರೆಡ್ ಆಕ್ಸೈಡ್ ನೆಲಕ್ಕೆಂದು ಮಾರುವ ಪುಡಿ ಅಗ್ಗ, ಆದರೆ ಅದರಲ್ಲಿ ಬೆರಕೆ ಇದೆಯೇ ಎಂಬುದು ಪೊಟ್ಟಣ ನೋಡಿದರೆ ತಿಳಿಯುವುದಿಲ್ಲ. ಟ್ರೇಸಿಂಗ್‌ಗೆ ಅದು ಸಾಕು, ಮುಖಗಳಿಗೆ ಚಿತ್ರಕಾರರ ದರ್ಜೆಯದ್ದೇ ಇರಲಿ. ಸೀಸದ ಬಿಳಿ ಬೇಡವೇ ಬೇಡ, ಅದರ ಒಣ ಪುಡಿ ವಿಷ.

ಪ್ರತಿ ಪುಡಿಯನ್ನೂ ಗಾಜಿನ ಹಲಗೆಯ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅರೆದು ಟೂತ್‌ಪೇಸ್ಟ್ ಹದಕ್ಕೆ ತಂದು ಸಣ್ಣ ಡಬ್ಬಿಗಳಲ್ಲಿ ತುಂಬಿ. ಬ್ಯಾಟರಿಗೆ ಹಾಕುವ ನೀರು ಸಾಕು. ಐವರಿ ಕಪ್ಪು ನೀರಿನ ಮೇಲೆ ತೇಲುತ್ತ ಸತಾಯಿಸುತ್ತದೆ. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ ತೋಯಿಸಿ, ಆಮೇಲೆ ನೀರು ಸೇರಿಸಿ. ಡಬ್ಬಿಯಲ್ಲಿ ಪೇಸ್ಟಿನ ಮೇಲೆ ಬೆರಳು ದಪ್ಪ ನೀರು ನಿಂತಿದ್ದರೆ ತಿಂಗಳುಗಟ್ಟಲೆ ಕೆಡದು. ಮೊಟ್ಟೆಯನ್ನು ಮಾತ್ರ ಡಬ್ಬಿಗೆ ಸೇರಿಸಬಾರದು.

ಮೊಟ್ಟೆ

ಬಿಳಿ ಲೋಳೆಯನ್ನು ಚೆಲ್ಲಿ, ಹಳದಿಯನ್ನು ಈ ಅಂಗೈಯಿಂದ ಆ ಅಂಗೈಗೆ ದಾಟಿಸುತ್ತಿರಿ. ಪ್ರತಿ ಸಲ ಖಾಲಿಯಾದ ಕೈ ಒರೆಸಿಕೊಳ್ಳಿ. ನಾಲ್ಕೈದು ಸಲ ದಾಟುವಷ್ಟರಲ್ಲಿ ಹಳದಿಯ ಮೇಲಿನ ಜಾರು ಹೋಗಿ ಪೊರೆ ಒಣಗಿ ಬಿಗಿಯುತ್ತದೆ. ಆಗ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಚಿವುಟಿ ಎತ್ತಿ, ಬಾಟಲಿಯ ಬಾಯಿಗೆ ಹಿಡಿದು ಕೆಳಗಿನಿಂದ ಸೂಜಿಯಲ್ಲಿ ಚುಚ್ಚಿ. ಒಳಗಿನದ್ದೆಲ್ಲ ಇಳಿದು, ಬೆರಳಲ್ಲಿ ಬರೀ ಪೊರೆ ಉಳಿಯುತ್ತದೆ, ಅದನ್ನು ಎಸೆಯಿರಿ. ಪೊರೆಯ ಚೂರು ಒಳಗೆ ಬಿದ್ದರೆ ಬ್ರಷ್‌ಗೆ ಸಿಕ್ಕಿ ಗೆರೆಯ ನಡುವೆ ದಾರದಂತೆ ಎಳೆಯುತ್ತದೆ. ಒಂದು ಹಳದಿಗೆ ಒಂದು ಟೀ ಚಮಚ ನೀರು ಸೇರಿಸಿ ಕಲಕಿ.

ಹಳದಿ ಗಾಢವೋ ತಿಳಿಯೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ, ಆ ಬಣ್ಣ ಕೆಲವು ವಾರಗಳ ಬೆಳಕಿಗೆ ತಾನೇ ಮಾಸುತ್ತದೆ. ಈ ದ್ರವದ ಆಯುಷ್ಯ ಒಂದು ದಿನ, ಫ್ರಿಜ್‌ನಲ್ಲಿ ಎರಡು. ವಾಸನೆ ಬಂದರೆ ಚೆಲ್ಲಿ, ಲವಂಗದೆಣ್ಣೆ ಹಾಕಿ ಎಳೆದಾಡಬೇಡಿ.

ಬಣ್ಣದ ಪೇಸ್ಟು ಒಂದು ಪಾಲು, ಮೊಟ್ಟೆ ಒಂದು ಪಾಲು, ಅಲ್ಲಿಂದ ಶುರು ಮಾಡಿ. ಸಿಯೆನ್ನಾ, ಅಂಬರ್‌ಗಳು ಮೊಟ್ಟೆಯನ್ನು ಹೆಚ್ಚು ಬೇಡುತ್ತವೆ, ಬಿಳಿಗೆ ಕಡಿಮೆ ಸಾಕು. ಪ್ರತಿ ಮಿಶ್ರಣವನ್ನೂ ಗಾಜಿನ ಮೇಲೆ ಒಂದು ಗೆರೆ ಎಳೆದು ಒಣಗಿಸಿ, ಬ್ಲೇಡ್‌ನಿಂದ ಕೆರೆಯಿರಿ. ರಿಬ್ಬನ್ನಿನಂತೆ ಸುರುಳಿಯಾಗಿ ಬಂದರೆ ಹದ ಸರಿ. ಪುಡಿಪುಡಿಯಾಗಿ ಉದುರಿದರೆ ಮೊಟ್ಟೆ ಸಾಲದು, ಅಂಥ ಬಣ್ಣ ಹಲಗೆಯಲ್ಲೂ ಉದುರುತ್ತದೆ. ಜಿಡ್ಡಾಗಿ ಮಿಂಚಿ ಬ್ಲೇಡಿಗೆ ಮೆತ್ತಿದರೆ ಮೊಟ್ಟೆ ಹೆಚ್ಚಾಗಿದೆ.

ಸಾಲು ನಿಲ್ಲಿಸುವುದು

ಬ್ರಷ್: ದುಂಡನೆಯ ಸೇಬಲ್ ಅಥವಾ ಒಳ್ಳೆಯ ಸಿಂಥೆಟಿಕ್, 2, 4, 8ನೇ ನಂಬರು. ಬಣ್ಣವನ್ನು ನೀರಿನಲ್ಲಿ ಹಾಲಿನಷ್ಟು ತೆಳು ಮಾಡಿ, ಬ್ರಷ್ ಅದ್ದಿ, ಟಿಶ್ಯೂ ಮೇಲೆ ಹಿಂಡಿ, ಆಮೇಲೆ ಹಲಗೆಗೆ. ಹಿಂಡದ ಬ್ರಷ್ ಹನಿ ಬಿಡುತ್ತದೆ, ಹನಿಯ ಅಂಚು ಉಂಗುರವಾಗಿ ಒಣಗುತ್ತದೆ. ಎಳೆದ ಗೆರೆ ಕೆಲವೇ ಸೆಕೆಂಡಿನಲ್ಲಿ ಒಣಗುತ್ತದೆ. ಅರೆ ಒದ್ದೆಯ ಗೆರೆಯ ಮೇಲೆ ಮತ್ತೆ ಬ್ರಷ್ ಎಳೆದರೆ ಕೆಳಗಿನದೂ ಎದ್ದು ಬಂದು ಬಿಳಿ ಜೆಸ್ಸೊ ಕಾಣುತ್ತದೆ. ಎಣ್ಣೆ ಬಣ್ಣದಲ್ಲಿ ಪಳಗಿದವರು ಮೊದಲು ಎಡವುವುದೇ ಇಲ್ಲಿ, ಅವರ ಕೈ ತಿಕ್ಕಿ ಬೆರೆಸಲು ಹೋಗುತ್ತದೆ. ಟೆಂಪರಾದಲ್ಲಿ ಬೆರೆಯುವುದು ಹಲಗೆಯ ಮೇಲಲ್ಲ, ನೋಡುವವರ ಕಣ್ಣಲ್ಲಿ. ಗೆರೆಯ ಪಕ್ಕ ಗೆರೆ, ಒಣಗಿದ ಮೇಲೆ ಅದರ ಮೇಲೆ ಅಡ್ಡ ಗೆರೆ. ಎಚಿಂಗ್ ಸೂಜಿಯ ಗೆರೆಗಳೂ ಹೀಗೇ ಇರುವುದರಿಂದ ಮೂಲವೇ ನಿಮಗೆ ದಿಕ್ಕು ತೋರಿಸುತ್ತದೆ, ಕೋಟಿನ ಮಡಿಕೆಯಲ್ಲಿ ಮಾರ್ಷ್‌ನ ಗೆರೆ ಹೋದ ಕಡೆಗೇ ಬ್ರಷ್ ಹೋಗಲಿ.

ಮೊದಲು ಇಡೀ ಹಲಗೆಗೆ ಕಚ್ಚಾ ಅಂಬರ್‌ನ ತುಂಬಾ ತೆಳುವಾದ ಒಂದು ಹೊದಿಕೆ, 8ನೇ ನಂಬರಿನ ಬ್ರಷ್‌ನಲ್ಲಿ. ಇಂಕಿನ ಗೆರೆ ಅದರಡಿ ಕಾಣುತ್ತಿರಬೇಕು. ಮಾರ್ಷ್‌ನ ಟೆಂಪರಾ ಜಲವರ್ಣದಷ್ಟು ಪಾರದರ್ಶಕ, ಕೆಳಗಿನ ರೇಖೆ ಕೊನೆಯವರೆಗೂ ಉಸಿರಾಡುತ್ತದೆ. ಅಪಾರದರ್ಶಕ ಬಣ್ಣದಿಂದ ಮುಚ್ಚಿಬಿಟ್ಟರೆ ಅದು ಪೋಸ್ಟರ್.

ಎರಡನೆಯದಾಗಿ ಮನುಷ್ಯರಲ್ಲ, ಮನುಷ್ಯರ ನಡುವಿನ ಸಂದುಗಳು. ತೋಳು ತೋಳಿನ ನಡುವೆ, ಕಾಲು ಕಾಲಿನ ನಡುವೆ, ಕಾಲರಿನ ಕೆಳಗೆ ಇರುವ ಕಪ್ಪು ಆಕಾರಗಳನ್ನು ಸುಟ್ಟ ಅಂಬರ್ ಎರಡು ಪಾಲು, ಅಲ್ಟ್ರಾಮರೀನ್ ಒಂದು ಪಾಲಿನಲ್ಲಿ ಗೆರೆಗೆರೆಯಾಗಿ ತುಂಬಿ. ಎಚಿಂಗ್ ಗೆರೆಗಳಿಂದಲೇ ಆದದ್ದರಿಂದ ಅದರಲ್ಲಿ ನೆರಳು ಬೆಳಕಿನ ದೊಡ್ಡ ತುಂಡುಗಳು ಸುಲಭಕ್ಕೆ ಕಾಣುವುದಿಲ್ಲ. ಪ್ರಿಂಟನ್ನು ಕಣ್ಣು ಅರೆಮುಚ್ಚಿ ನೋಡಿ, ಅಂಗೈಯಷ್ಟು ಕಾಗದದ ಮೇಲೆ ಕಪ್ಪು, ಬೂದು, ಬಿಳಿ ಮೂರರಲ್ಲೇ ಒಂದು ನಕ್ಷೆ ಮಾಡಿ ಪಕ್ಕಕ್ಕಿಟ್ಟುಕೊಳ್ಳಿ. ಸಂದುಗಳು ಸರಿಯಾದರೆ ಸಾಲು ತಾನೇ ನಿಲ್ಲುತ್ತದೆ.

ಕೋಟುಗಳಿಗೆ ಒಂದೇ ಕಪ್ಪು ಬಳಸಬೇಡಿ. ಸಂದಿನ ಮಿಶ್ರಣಕ್ಕೇ ಚಿಟಿಕೆ ಬಿಳಿ ಹಾಕಿದರೆ ಮಾಸಿದ ಕರಿ ಕೋಟು. ಹಸಿರು ಮಣ್ಣು, ಕಪ್ಪು, ಸ್ವಲ್ಪ ಓಕರ್ ಸೇರಿದರೆ ಹಳೆಯ ಸೈನ್ಯದ ಕೋಟಿನಂಥ ಬಣ್ಣ. ಐವರಿ ಕಪ್ಪಿಗೆ ಬಿಳಿ ಮಾತ್ರ ಸೇರಿಸಿದರೆ ನೀಲಿಯೇ ಇಲ್ಲದ ನೀಲಿ ಬೂದು ಬರುತ್ತದೆ, ಕಂದು ಕೋಟಿನ ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ. ಅಕ್ಕಪಕ್ಕದ ಇಬ್ಬರಿಗೆ ಒಂದೇ ಮಿಶ್ರಣ ಬರದಂತೆ ನೋಡಿಕೊಳ್ಳಿ, ಆದರೆ ಎಲ್ಲವೂ ಒಂದೇ ಮಬ್ಬಿನ ಮನೆಯವಾಗಿರಲಿ. ಕೆಂಪು ಮಫ್ಲರು, ನೀಲಿ ಟೋಪಿ ಹಾಕುವ ಆಸೆ ಬರುತ್ತದೆ. ಒಂದು ಹಾಕಿದರೆ ಸಾಲು ಮರೆತು ಕಣ್ಣೆಲ್ಲ ಅವನ ಮೇಲೆ.

ಮುಖ, ಕೈಗಳಿಗೆ ಮೊದಲು ಹಸಿರು ಮಣ್ಣಿಗೆ ಬಿಳಿ ಬೆರೆಸಿ ಎರಡು ಸುತ್ತು. ಅದರ ಮೇಲೆ ಓಕರ್, ಬಿಳಿ, ತುಸು ಕೆಂಪು ಆಕ್ಸೈಡ್, ಸಣ್ಣ ಗೆರೆಗಳಲ್ಲಿ, ಹಸಿರು ಅಲ್ಲಲ್ಲಿ ಇಣುಕುವಂತೆ. ಮೂಗಿನ ತುದಿ, ಕಿವಿ, ಬೆರಳ ಗೆಣ್ಣುಗಳಿಗೆ ಕೆಂಪು ಸ್ವಲ್ಪ ಹೆಚ್ಚು, ಚಳಿಯಲ್ಲಿ ನಿಂತವರಿಗೆ ರಕ್ತ ತೋರುವುದು ಅಲ್ಲಿ. ಕೆನ್ನೆಗೆ ಹಾಕಿದರೆ ಆರೋಗ್ಯವಂತರಾಗಿಬಿಡುತ್ತಾರೆ. ಒಬ್ಬೊಬ್ಬರ ಮುಖವನ್ನೂ ಹಿಡಿದು ಕೂತು ಮುಗಿಸುವ ಕ್ರಮ ಬೇಡ. ಎಲ್ಲರಿಗೂ ಒಂದು ಸುತ್ತು, ಮತ್ತೆ ಎಲ್ಲರಿಗೂ ಇನ್ನೊಂದು. ಹಾಗೆ ಮಾಡದಿದ್ದರೆ ಎಡಗಡೆಯವರು ಭಾವಚಿತ್ರವಾಗಿ, ಬಲಗಡೆಯವರು ಗುರುತಿನ ಚಿತ್ರವಾಗಿ ಉಳಿಯುತ್ತಾರೆ. ಬಿಳಿ ಬೆಳಕು ಕೊನೆಗೆ, ಟೋಪಿಯ ಅಂಚು, ಭುಜದ ಮೇಲ್ಭಾಗ, ಅಷ್ಟರಲ್ಲಿ ಮುಗಿಸಿ. ಒಟ್ಟು ಇಪ್ಪತ್ತು ಮೂವತ್ತು ತೆಳು ಪದರ ಸೇರುವುದು ಟೆಂಪರಾದಲ್ಲಿ ಸಾಮಾನ್ಯ.

ಕೆಟ್ಟಾಗ

ಬಣ್ಣ ಹಲಗೆಯ ಮೇಲೆ ಮಣಿಮಣಿಯಾಗಿ ಓಡಿದರೆ ಕೈಯ ಜಿಡ್ಡು ತಾಗಿದೆ. ಆ ಜಾಗಕ್ಕೆ 400ರ ಕಾಗದ ಹಗುರವಾಗಿ ಆಡಿಸಿ, ಮುಂದೆ ಕೈಕೆಳಗೆ ಕಾಗದ ಇಟ್ಟುಕೊಂಡು ಕೆಲಸ ಮಾಡಿ. ಬಣ್ಣ ಕಲೆಕಲೆಯಾಗಿ ಹೀರಿಕೊಂಡರೆ ಜೆಸ್ಸೊದ ಅಂಟು ಸಮವಾಗಿಲ್ಲ. ಮೊಟ್ಟೆ ದ್ರವಕ್ಕೆ ಹತ್ತರಷ್ಟು ನೀರು ಬೆರೆಸಿ ಇಡೀ ಹಲಗೆಗೆ ಒಂದು ಕೈ ಕೊಟ್ಟರೆ ಹೀರುವಿಕೆ ಒಂದು ಮಟ್ಟಕ್ಕೆ ಬರುತ್ತದೆ. ಒಂದು ಮುಖ ಪೂರ್ತಿ ಕೆಟ್ಟರೆ ಮುಚ್ಚಲು ಹೋಗಬೇಡಿ. ಬಾಗಿದ ಸರ್ಜಿಕಲ್ ಬ್ಲೇಡ್ ಹಿಡಿದು ಜೆಸ್ಸೊ ಕಾಣುವವರೆಗೆ ಹೆರೆದು, 400ರಲ್ಲಿ ನಯ ಮಾಡಿ ಮತ್ತೆ ಕಟ್ಟಿ. ಜೆಸ್ಸೊ ಚಕ್ಕೆ ಎದ್ದಿದ್ದರೆ ಗುಂಡಿಗೆ ಮೊದಲು ಬಿಸಿ ಅಂಟು ಮುಟ್ಟಿಸಿ, ಆಮೇಲೆ ಒಂದೇ ಸಲ ತುಂಬದೆ ಸಣ್ಣ ಬ್ರಷ್‌ನಲ್ಲಿ ಹನಿ ಹನಿಯಾಗಿ ಪದರ ಕಟ್ಟಿ. ಒಂದೇ ಸಲ ತುಂಬಿದ್ದು ಒಣಗಿದಾಗ ನಡುವೆ ತಗ್ಗಿ, ಸುತ್ತ ಸೀಳು ಬಿಡುತ್ತದೆ.

ಕೆಲವು ತಿಂಗಳ ಮೇಲೆ ಕಪ್ಪು ಕೋಟುಗಳ ಮೇಲೆ ಬೂದಿ ಉದುರಿದಂತೆ ಬಿಳಿ ಮಂಜು ಕಾಣಿಸಬಹುದು. ಎಲ್ಲ ಸಲ ಅದು ಬೂಷ್ಟಲ್ಲ, ಮೊಟ್ಟೆಯ ಕೊಬ್ಬಿನಾಮ್ಲ ಮೇಲಕ್ಕೆ ಬಂದು ಹರಳಾದದ್ದೂ ಆಗಿರುತ್ತದೆ. ಒಣ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ, ಮತ್ತೆ ಬಂದರೆ ಮತ್ತೆ ಒರೆಸಿ. ಒದ್ದೆ ವಾಸನೆಯೊಡನೆ ನೂಲು ನೂಲಾಗಿ ಬೆಳೆದಿದ್ದರೆ ಅದು ಬೂಷ್ಟು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಹೊಸ ಟೆಂಪರಾವನ್ನು ಗೋಡೆಗೆ ತಾಗಿಸಿ ಇಡಬಾರದು. ಜಿರಲೆಗೆ ಜೆಲಟಿನ್ನೂ ಇಷ್ಟ, ಮೊಟ್ಟೆಯೂ ಇಷ್ಟ. ರಾತ್ರಿ ತೆರೆದಿಟ್ಟ ಹಲಗೆಯ ಅಂಚನ್ನು ಅದು ತಿಂದ ಗುರುತು ಬೆಳಿಗ್ಗೆ ಸಿಗುತ್ತದೆ. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಮೇಲ್ಮೈಗೆ ಏನೂ ತಾಗದಂತೆ ಇಟ್ಟು, ಪೆಟ್ಟಿಗೆಯ ಸಂದುಗಳಿಗೆ ಟೇಪ್ ಹಾಕಿ.

ಮುಗಿಸುವುದು

ಬಣ್ಣ ಮುಟ್ಟಿದರೆ ಒಣಗಿರುತ್ತದೆ, ಗಟ್ಟಿಯಾಗಲು ಮೂರರಿಂದ ಆರು ತಿಂಗಳು ಬೇಕು. ಒಂದೆರಡು ವಾರ ಕಳೆದ ಮೇಲೆ ಹಳೆಯ ರೇಷ್ಮೆ ಬಟ್ಟೆಯಿಂದ ಒತ್ತದೆ ತಿಕ್ಕಿದರೆ ಸೀರೆಯ ಮಡಿಕೆಯಷ್ಟು ಮಂದ ಹೊಳಪು ಬರುತ್ತದೆ, ಈ ಚಿತ್ರಕ್ಕೆ ಅಷ್ಟೇ ಸಾಕು. ವಾರ್ನಿಷ್ ಹಾಕಿದರೆ ಗಾಢ ಬಣ್ಣಗಳು ಇನ್ನೂ ಮುಳುಗಿ, ಸಂದುಗಳೂ ಕೋಟುಗಳೂ ಒಂದಾಗಿಬಿಡುತ್ತವೆ. ಹಾಕಲೇಬೇಕೆಂದರೆ ವರ್ಷ ಕಳೆಯಲಿ, ಪರೀಕ್ಷೆಗೆಂದು ಮಾಡಿದ ತುಂಡಿನ ಮೇಲೆ ಮೊದಲು ನೋಡಿ.

ಗಾಜು ಹಾಕಿ ಫ್ರೇಮ್ ಮಾಡುವುದು ಒಳ್ಳೆಯದು, ಆದರೆ ಗಾಜಿಗೂ ಬಣ್ಣಕ್ಕೂ ನಡುವೆ ಸುತ್ತ 3 ಮಿ.ಮೀ. ಪಟ್ಟಿ ಇರಲೇಬೇಕು. ತಾಗಿದರೆ ಮೊದಲ ಮಳೆಗಾಲಕ್ಕೇ ಅಂಟಿಕೊಳ್ಳುತ್ತದೆ. ಬೆನ್ನಿನ ರಟ್ಟಿಗೆ ಗಾಳಿಯಾಡಲು ಮೇಲೆ ಕೆಳಗೆ ಎರಡೆರಡು ತೂತು, ಅದಕ್ಕೆ ಒಳಗಿನಿಂದ ಸೊಳ್ಳೆ ಪರದೆಯ ತುಂಡು.

ಮಾರ್ಷ್ ತೀರಿಕೊಂಡದ್ದು 1954ರಲ್ಲಿ. ಭಾರತದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ 60 ವರ್ಷಗಳವರೆಗೆ ಹಕ್ಕು, ಅದು ಮುಗಿದಿದೆ. ಅಮೆರಿಕದ ಲೆಕ್ಕ ಬೇರೆ, ಅಲ್ಲಿಗೆ ಮಾರಲು ಕಳಿಸುವ ಮುನ್ನ ವಿಚಾರಿಸಿಕೊಳ್ಳಿ. ಮುಂಭಾಗದಲ್ಲಿ ಮಾರ್ಷ್‌ನ ಸಹಿ ನಕಲು ಮಾಡಬೇಡಿ. ಹಲಗೆಯ ಬೆನ್ನಿಗೆ ನೀರಿಗೆ ಅಳಿಯದ ಇಂಕಿನಲ್ಲಿ, ಇದು ಮಾರ್ಷ್‌ನ 1932ರ ಎಚಿಂಗ್ ನೋಡಿ ಮಾಡಿದ ಪ್ರತಿ ಎಂದು ಬರೆದು, ನಿಮ್ಮ ಹೆಸರು, ಇಸವಿ, ಕೆಳಗೆ ಅಂಟಿನ ಅಳತೆ, ಬಳಸಿದ ಪುಡಿಗಳ ಹೆಸರು ಸೇರಿಸಿ. ಮುಂದೆ ಯಾರಾದರೂ ರಿಪೇರಿಗೆ ಕೂತಾಗ ಮೊದಲು ಹುಡುಕುವುದು ಅದನ್ನೇ.